ಅಕ್ಕನ ಕತ್ತರಿ

"ದೊಡ್ಡವನು ಇವತ್ತೂ ಮೂಲೆ ಹಿಡಿದಿದ್ದಾನೆ ಕಣೋ" ಎಂದಳು ಅಕ್ಕ, ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ.

ಚಪ್ಪಲಿ ಹಾಕಿಕೊಳ್ಳುತ್ತಿದ್ದ ತಮ್ಮ ಹಾಗೇ ನಿಂತು ಗಾಜಿನ ತೊಟ್ಟಿಯೊಳಗೆ ಬಗ್ಗಿ ನೋಡಿದ. ಅಂಗೈಯಷ್ಟು ಅಗಲದ, ತಟ್ಟೆಯ ಹಾಗೆ ದುಂಡಗಿನ ಆರು ಡಿಸ್ಕಸ್ ಮೀನುಗಳು. ಐದು ಮುಂದೆ ಬಂದು ತಿಂಡಿಗಾಗಿ ಗಾಜಿಗೆ ಮೂತಿ ಒತ್ತುತ್ತಿದ್ದವು. ಆರನೆಯದು, ಎಲ್ಲಕ್ಕಿಂತ ದೊಡ್ಡದು, ಹೀಟರಿನ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಕಿತ್ತಳೆ ಬಣ್ಣದ ಮೈ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಅದರ ಹಿಂದೆ ಬಿಳಿ ದಾರದಂಥ ಮಲ ನೇತಾಡುತ್ತಿತ್ತು.

"ಹೊಟ್ಟೆ ಕೆಟ್ಟಿದೆ, ಅಷ್ಟೇ. ಮಧ್ಯಾಹ್ನ ಮಾತ್ರೆ ತರ್ತೀನಿ."

"ಮನುಷ್ಯರ ಮಾತ್ರೆನಾ?"

"ಹೊಟ್ಟೆಗೆ ಮನುಷ್ಯರದ್ದು, ಮೀನಿನದ್ದು ಅಂತ ಬೇರೆ ಇರುತ್ತಾ? ಹದಿನಾಲ್ಕು ವರ್ಷದಿಂದ ಕೊಡ್ತಿದೀನಿ, ನನಗೆ ಗೊತ್ತಿಲ್ವಾ?"

ಹದಿನಾಲ್ಕು ವರ್ಷದಿಂದ ಅವನು ಔಷಧಿ ಅಂಗಡಿಯ ಗಲ್ಲೆಯ ಹಿಂದೆ ನಿಂತಿದ್ದ. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಪರವಾನಗಿಯಲ್ಲಿ ಇನ್ಯಾರದೋ ಫೋಟೊ. ಆ ಮನುಷ್ಯನನ್ನು ಬೀದಿಯವರು ಯಾರೂ ನೋಡಿರಲಿಲ್ಲ. ಅವರಿಗೆ ಇವನೇ ಡಾಕ್ಟ್ರು. "ಡಾಕ್ಟ್ರೇ, ಜ್ವರಕ್ಕೆ ಎರಡು", "ಡಾಕ್ಟ್ರೇ, ಕೆಮ್ಮಿಗೆ ಎರಡು" ಎಂದು ಬರುವವರು ಬಂದ ಕಾಲಲ್ಲೇ ನಿಂತು ಕೇಳುತ್ತಿದ್ದರು. ಇವನು ಡ್ರಾಯರಿನಿಂದ ಉದ್ದನೆಯ ಕತ್ತರಿ ತೆಗೆದು, ಹತ್ತು ಮಾತ್ರೆಯ ಶೀಟಿನಿಂದ ಎರಡನ್ನು ಚಕ್ಕನೆ ಕತ್ತರಿಸಿ ಕೊಡುತ್ತಿದ್ದ. ಆ ಕತ್ತರಿ ಅಕ್ಕನದು. ಬಟ್ಟೆ ಕತ್ತರಿಸುವ ಕತ್ತರಿ. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ದಿನದ ಮಟ್ಟಿಗೆಂದು ಮನೆಯಿಂದ ಒಯ್ದಿದ್ದ, ಅದು ವಾಪಸು ಬಂದಿರಲಿಲ್ಲ. ಅಕ್ಕ ಬೇರೊಂದು ಕೊಂಡಳು.

ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ಅವಳು ಕೂತ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ. ಊರಿನವರ ಬಟ್ಟೆ ಹೊಲಿದು ತಮ್ಮನನ್ನು ಸಾಕಿದಳು. ಮದುವೆಯ ಮಾತು ಬಂದಾಗೆಲ್ಲ "ಇವನೊಂದು ದಡ ಸೇರಲಿ" ಎಂದಳು. ಅವನು ಸೇರಿದ ದಡ ಆ ಔಷಧಿ ಅಂಗಡಿ. ಅವಳು ತನಗಾಗಿ ಅಂತ ಮಾಡಿಕೊಂಡದ್ದು ಈ ಮೀನು ಮಾತ್ರ. ದಿನಾ ಬೆಳಗ್ಗೆ ಪೈಪು ಹಚ್ಚಿ ಹಳೆ ನೀರು ತೆಗೆದು, ಬೆಚ್ಚಗಿನ ಹೊಸ ನೀರು ತುಂಬಿ, ಆಮೇಲೆಯೇ ಯಂತ್ರದ ಮುಂದೆ ಕೂರುತ್ತಿದ್ದಳು. ಹೋದ ವರ್ಷ ದೊಡ್ಡವನೂ, ಅವಳು ಯಜಮಾನಿ ಎಂದು ಕರೆಯುತ್ತಿದ್ದ ಹೆಣ್ಣು ಮೀನೂ ಜೋಡಿಯಾಗಿ ಮರಿ ಮಾಡಿದ್ದವು. ಸೂಜಿಮೊನೆಯಷ್ಟು ಮರಿಗಳು ಅಪ್ಪ ಅಮ್ಮನ ಮೈಗೆ ಅಂಟಿಕೊಂಡು ಚರ್ಮದ ಲೋಳೆಯನ್ನೇ ಕಿತ್ತು ತಿನ್ನುತ್ತಿದ್ದವು. "ನೋಡೋ, ಸಾಕಿದವರ ಮೈಯನ್ನೇ ತಿಂದು ಬೆಳೀತವೆ. ಥೇಟ್ ನಿನ್ನ ಹಾಗೆ" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ.

ಮಧ್ಯಾಹ್ನ ಅವನು ಆಮಶಂಕೆಗೆ ಕೊಡುವ ಕಹಿ ಮಾತ್ರೆ ಎರಡನ್ನು ತಂದು, ಚಮಚದ ಹಿಂಬದಿಯಿಂದ ಪುಡಿ ಮಾಡಿ ನೀರಿಗೆ ಹಾಕಿದ. ಮರುದಿನ ಇನ್ನೆರಡು. ಮೂರನೆಯ ದಿನ ದೊಡ್ಡವನು ಮೂಲೆ ಬಿಟ್ಟು ಬಂದು ತಿಂಡಿ ತಿಂದ.

"ನೋಡಿದ್ಯಾ?" ಎಂದು ಅವನು ಕೈ ತೊಳೆದುಕೊಂಡ.

"ಇನ್ನೆರಡು ದಿನ ಹಾಕಬೇಕೇನೋ?"

"ವಾಸಿಯಾದ ಮೇಲೂ ಮಾತ್ರೆ ನುಂಗಿಸ್ತಾರಾ? ಮೈಗೆ ಕೆಟ್ಟದ್ದು ಅಕ್ಕ."

ಅವಳು ಯಂತ್ರಕ್ಕೆ ಬಟ್ಟೆ ಸಿಕ್ಕಿಸಿದಳು. ಆಮೇಲೆ ಬಟ್ಟೆಯ ಮೇಲಿಂದ ಕಣ್ಣೆತ್ತದೆ, "ನನಗೂ ಎರಡು ತಾರೋ. ಮತ್ತೆ ಉರಿ ಶುರುವಾಗಿದೆ" ಎಂದಳು.

ಮೂತ್ರದ ಉರಿ. ಎರಡು ವರ್ಷದಿಂದ ಬಂದು ಹೋಗಿ ಮಾಡುತ್ತಿತ್ತು. ಆಸ್ಪತ್ರೆಗೆ ಹೋಗು ಎಂದು ಅವನು ಒಂದೆರಡು ಸಲ ಹೇಳಿದ್ದುಂಟು. ಅವಳ ಉತ್ತರವೂ ಸುಳ್ಳಲ್ಲ. "ಅರ್ಧ ದಿನ ಸಾಲಲ್ಲಿ ನಿಂತ್ರೆ ಈ ಬಟ್ಟೆ ಯಾರು ಹೊಲೀತಾರೆ? ಅಷ್ಟು ಜನರೆದುರು ಏನಂತ ಹೇಳಲಿ? ನೀನು ಕೊಟ್ರೆ ಎರಡೇ ದಿನಕ್ಕೆ ನಿಲ್ಲುತ್ತೆ." ನಿಲ್ಲುತ್ತಿತ್ತು ಕೂಡ. ನಿಂತ ಕೂಡಲೇ ಅವಳು ಬಿಡುತ್ತಿದ್ದಳು. ಒಂದು ಮಾತ್ರೆ ಹಿಡಿಯದೆ ಹೋದರೆ ಅವನು ಇನ್ನೊಂದು ಬಣ್ಣದ್ದು ತರುತ್ತಿದ್ದ. ಅಂಗಡಿಯಲ್ಲಿ ಬಣ್ಣಗಳಿಗೇನು ಬರ.

ಇಪ್ಪತ್ತು ದಿನಕ್ಕೆ ದೊಡ್ಡವನು ಮತ್ತೆ ಕಪ್ಪಾದ. ಈ ಸಲ ನಾಲ್ಕು ಮಾತ್ರೆ ಬೇಕಾಯಿತು. ಮೂರನೆಯ ಸಲ ಎಂಟು ಹಾಕಿದರೂ ಮೀನು ಜಗ್ಗಲಿಲ್ಲ. ಅದರ ಹಣೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳೆದ್ದವು. ಉಳಿದ ಮೀನುಗಳೂ ಒಂದೊಂದಾಗಿ ಹಿಂದಕ್ಕೆ ಸರಿದು ಕಪ್ಪಾಗತೊಡಗಿದವು. ಅವನು ಹಿಡಿದದ್ದು ಬಿಡದೆ ಬೇರೆ ಬೇರೆ ಮಾತ್ರೆ ಕಲಸಿ ಹಾಕಿದ. ನೀರು ಹಳದಿಯಾಯಿತು, ನೊರೆ ಬಂತು. ಒಂದು ಬೆಳಗ್ಗೆ ಎರಡು ಮೀನು ಮಗುಚಿ ತೇಲುತ್ತಿದ್ದವು.

ಅವನು ಮೀನಿನ ಅಂಗಡಿಗೆ ಓಡಿದ. ಅಲ್ಲಿನ ಮುದುಕ ಒದ್ದೆ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡ.

"ಮೊದಲನೇ ಸಲ ಎಷ್ಟು ದಿನ ಹಾಕಿದೆ?"

"ಎರಡು ದಿನ. ತಿನ್ನೋಕೆ ಶುರು ಮಾಡ್ತು, ನಿಲ್ಲಿಸಿದೆ."

"ನಿಲ್ಲಿಸು ಅಂತ ಯಾರು ಹೇಳಿದ್ದು? ಮೀನು ಹೇಳ್ತಾ?"

"ವಾಸಿ ಆಗಿತ್ತಲ್ಲ ಅಜ್ಜ."

"ವಾಸಿ ಆಗಿರಲಿಲ್ಲ. ಹೊಟ್ಟೇಲಿರೋ ಹುಳ ಅರ್ಧ ಸತ್ತಿತ್ತು. ಸತ್ತದ್ದು ಕೈಲಾಗದ್ದು. ಉಳಿದದ್ದು ಗಟ್ಟಿ. ನೀನು ಆ ಗಟ್ಟಿ ಹುಳಕ್ಕೆ ನಿನ್ನ ಮಾತ್ರೆ ರುಚಿ ತೋರಿಸಿ, ಹೋಗಿ ಮರಿ ಮಾಡ್ಕೋ ಅಂತ ಬಿಟ್ಟೆ. ಎರಡು ಸಲ ಬಿಟ್ಟೆ. ಈಗ ಅದು ನಿನ್ನ ಮಾತ್ರೆನ ಉಪ್ಪಿನಕಾಯಿ ಥರ ನೆಕ್ಕುತ್ತೆ." ಮುದುಕ ಒಳಗಿನಿಂದ ಒಂದು ಪುಡಿಯ ಡಬ್ಬಿ ತಂದಿಟ್ಟ. "ಇದು ಬೇರೆ ಔಷಧಿ. ಹತ್ತು ದಿನ. ಮೀನು ಕುಣಿದಾಡಿದ್ರೂ ಹತ್ತು ದಿನ. ಎಲ್ಲಾ ಬದುಕುತ್ತೆ ಅಂತ ನಾನು ಹೇಳಲ್ಲ. ಅಂದ ಹಾಗೆ, ನೀನೇನು ಕೆಲಸ ಮಾಡ್ತೀಯಪ್ಪ?"

ಅವನು ಡಬ್ಬಿ ತೆಗೆದುಕೊಂಡು, ಕೇಳಿಸದವನ ಹಾಗೆ ಮೆಟ್ಟಿಲಿಳಿದ.

ಮನೆಗೆ ಬಂದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಹೊರಗೆ ಬೆವರು ಹರಿಸುವ ಬಿಸಿಲು. ಅಕ್ಕ ಎರಡು ಕಂಬಳಿ ಹೊದ್ದು ನೆಲದ ಮೇಲೆ ಮುದುಡಿ ಮಲಗಿ ಗಡಗಡ ನಡುಗುತ್ತಿದ್ದಳು.

"ನಡು ಸೀಳ್ತಾ ಇದೆ ಕಣೋ. ನಾಲ್ಕು ದಿನದಿಂದ ನೀನು ಕೊಟ್ಟದ್ದು ಹಿಡೀತಾನೇ ಇಲ್ಲ. ಬೇರೆ ಬಣ್ಣದ್ದು ಇದ್ರೆ..."

ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬಿನಲ್ಲಿ ಕತ್ತರಿಸಿದ ಎರಡು ಮಾತ್ರೆಗಳಿದ್ದವು. ಅವುಗಳ ಮೊನಚು ಅಂಚು ಬೆರಳಿಗೆ ಚುಚ್ಚಿತು. ಗಾಜಿನಾಚೆ ದೊಡ್ಡವನು ಒಂದು ಪಕ್ಕಕ್ಕೆ ವಾಲಿ, ಕಿವಿರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದ. ಅವನು ಜೇಬಿನಿಂದ ಬರಿಗೈ ತೆಗೆದ. ಅಕ್ಕನನ್ನು ಎತ್ತಿಕೊಂಡು ಬೀದಿಗೆ ಬಂದು ಸಿಕ್ಕ ಗಾಡಿಗೆ ಅಡ್ಡ ನಿಂತ.

ಆಸ್ಪತ್ರೆಯಲ್ಲಿ ಮೂರನೆಯ ದಿನ ವರದಿ ಬಂತು. ವೈದ್ಯೆ ಅದನ್ನು ಮಂಚದ ಅಂಚಿನಲ್ಲಿಟ್ಟು ಬೆರಳಿಟ್ಟು ತೋರಿಸಿದರು. ಅಕ್ಕನ ಮೂತ್ರದಲ್ಲಿ ಬೆಳೆದ ಕ್ರಿಮಿಯ ಮೇಲೆ ಹದಿನಾರು ಔಷಧಿ ಪ್ರಯೋಗಿಸಿ ನೋಡಿದ ಪಟ್ಟಿ. ಹದಿನಾಲ್ಕರ ಮುಂದೆ ಒಂದೇ ಗುರುತು: ಕೆಲಸ ಮಾಡುವುದಿಲ್ಲ. ಅವನು ಮೇಲಿನಿಂದ ಕೆಳಗೆ ಓದಿದ. ಒಂದೊಂದು ಹೆಸರಿಗೂ ಮಾತ್ರೆಯ ಬಣ್ಣ ಕಣ್ಣ ಮುಂದೆ ಬಂತು, ಯಾವ ಡ್ರಾಯರಿನ ಯಾವ ಮೂಲೆಯಲ್ಲಿ ಇರುತ್ತದೆ ಎಂಬುದೂ ಬಂತು.

"ಎರಡು ಇಂಜೆಕ್ಷನ್ ಮಾತ್ರ ಉಳಿದಿವೆ" ಎಂದರು ವೈದ್ಯೆ. "ಒಂದನ್ನ ಶುರು ಮಾಡಿದೀವಿ, ಹದಿನಾಲ್ಕು ದಿನ. ಬಲಗಡೆ ಮೂತ್ರಪಿಂಡ ತುಂಬಾ ಕೆಟ್ಟಿದೆ. ಇದೂ ಹಿಡೀದೆ ಹೋದ್ರೆ ನನ್ನ ಕೈಲಿ ಹೆಚ್ಚೇನೂ ಇಲ್ಲ." ಅವರು ಅಕ್ಕನ ಕಡೆ ತಿರುಗಿದರು. "ಇಷ್ಟೊಂದು ಮಾತ್ರೆ ಅರ್ಧಂಬರ್ಧ ನುಂಗಿದೀರಲ್ಲಮ್ಮ, ಯಾರು ಕೊಟ್ರು? ಆ ಮನುಷ್ಯನ್ನ ತಂದು ಇಲ್ಲಿ ನಿಲ್ಲಿಸಬೇಕು."

ಅವನು ಅಲ್ಲೇ ನಿಂತಿದ್ದ.

"ಎಲ್ಲೆಲ್ಲೋ ತಗೊಂಡೆ ಮೇಡಂ" ಎಂದಳು ಅಕ್ಕ. "ನೆನಪಿಲ್ಲ."

"ಇವರು ಯಾರು?"

"ನನ್ನ ತಮ್ಮ."

"ಏನು ಮಾಡ್ತಾರೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಸೂಜಿ ಚುಚ್ಚಿದ ಕೈಯನ್ನೇ ಮೆಲ್ಲಗೆ ಎತ್ತಿ ಅವನ ಅಂಗಿಯ ತುದಿ ಹಿಡಿದುಕೊಂಡಳು. "ಮೀನು ಸಾಕ್ತಾನೆ ಮೇಡಂ. ತುಂಬಾ ಚೆನ್ನಾಗಿ ಸಾಕ್ತಾನೆ."

ಅದಾದ ಆರು ದಿನ ಅವನು ಆಸ್ಪತ್ರೆಗೂ ಮನೆಗೂ ಅಲೆದ. ಬೆಳಗ್ಗೆ ಅಕ್ಕ ಮಾಡುತ್ತಿದ್ದ ಹಾಗೆಯೇ ಪೈಪು ಹಚ್ಚಿ ನೀರು ಬದಲಿಸಿದ, ಮುದುಕನ ಪುಡಿ ಹಾಕಿದ. ದೊಡ್ಡವನು ಎರಡನೆಯ ದಿನವೇ ಸತ್ತ. ಇನ್ನೆರಡು ನಾಲ್ಕನೆಯ ದಿನ ಹೋದವು. ಯಜಮಾನಿ ಮಾತ್ರ ಖಾಲಿ ತೊಟ್ಟಿಯ ನಡುವೆ ನಿಂತಿದ್ದಳು. ಅಪ್ಪ ಅಮ್ಮನ ಮೈಗೆ ಮರಿಗಳು ಅಂಟಿಕೊಂಡಿದ್ದ ದಿನ ಅಕ್ಕ ನಕ್ಕ ಮಾತು ನೆನಪಾಗಿ ಅವನು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನೀರು ತುಂಬಿ ನೆಲಕ್ಕೆ ಹರಿಯತೊಡಗಿದರೂ ಏಳಲಿಲ್ಲ.

ಏಳನೆಯ ದಿನ ಅಂಗಡಿಗೆ ಹೋದ. ಬಾಗಿಲು ತೆಗೆದು ಹತ್ತು ನಿಮಿಷಕ್ಕೆ ಗೋಡೆಗೆ ಬಣ್ಣ ಬಳಿಯುವವನೊಬ್ಬ ಬಂದ. ಕೈತುಂಬ ಸುಣ್ಣದ ಕಲೆ, ಕೆಂಪಾದ ಕಣ್ಣು.

"ಡಾಕ್ಟ್ರೇ, ಗಂಟಲು ನೋವು, ಜ್ವರ. ಯಾವಾಗ್ಲೂ ಕೊಡೋದೇ ಎರಡೆರಡು ಕೊಡಿ."

"ಜ್ವರಕ್ಕೆ ಕೊಡ್ತೀನಿ. ಗಂಟಲಿಗೆ ಕೊಡ್ತಿದ್ದ ಇನ್ನೊಂದು ಕೊಡಲ್ಲ. ಆಸ್ಪತ್ರೇಲಿ ತೋರಿಸಿ. ಅವರು ಬರೆದ್ರೆ ಪೂರ್ತಿ ಶೀಟು ಕೊಡ್ತೀನಿ, ಪೂರ್ತಿ ನುಂಗಬೇಕು."

ಬಣ್ಣದವನು ನಕ್ಕ. "ಏನ್ ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ದೊಡ್ಡ ಮನುಷ್ಯರಾಗಿಬಿಟ್ರಿ? ಆಸ್ಪತ್ರೆ ಸಾಲಲ್ಲಿ ನಿಂತ್ರೆ ಮೇಸ್ತ್ರಿ ನಾಳೆ ಬೇರೆಯವನನ್ನ ಕರೀತಾನೆ. ನಿಮಗೇನು, ನೆರಳಲ್ಲಿ ಕೂತಿರ್ತೀರಿ. ಕತ್ತರಿಸಿ ಕೊಡಿ ಬೇಗ."

"ನಾನು ಡಾಕ್ಟ್ರಲ್ಲ" ಎಂದ ಅವನು. "ನಾನು ಯಾವತ್ತೂ ಡಾಕ್ಟ್ರಲ್ಲ."

"ಅದು ಇವತ್ತು ಗೊತ್ತಾಯ್ತಾ ನಿಮಗೆ?" ಬಣ್ಣದವನು ಮುಖ ತಿರುವಿ ಬೀದಿ ದಾಟಿ ಎದುರಿನ ಅಂಗಡಿಗೆ ಹೋದ. ಅಲ್ಲಿ ಕತ್ತರಿಯ ಬಾಯಿ ತೆರೆದು ಮುಚ್ಚಿದ್ದು ಇಲ್ಲಿಗೇ ಕಂಡಿತು. ಎರಡು ಮಾತ್ರೆ ಅಂಗಿಯ ಜೇಬು ಸೇರಿದವು. ಇತ್ತ ಒಳಗೆ ಲೆಕ್ಕ ನೋಡುತ್ತಿದ್ದ ಅಂಗಡಿಯ ಮಾಲೀಕ, "ಇನ್ನೂ ಮೂರು ಜನರನ್ನ ಹೀಗೆ ಕಳಿಸಿದ್ರೆ ಎದುರಿನವನೇ ಸಿಹಿ ಹಂಚ್ತಾನೆ. ನೀನೂ ಅಲ್ಲೇ ಹೋಗಿ ತಿಂದ್ಕೋ" ಎಂದ. ಅವನು ಡ್ರಾಯರು ಎಳೆದು ಕತ್ತರಿ ತೆಗೆದು, ಕಾಗದದಲ್ಲಿ ಸುತ್ತಿ, ಗಲ್ಲೆಯ ಹಲಗೆ ಎತ್ತಿ ಹೊರಬಿದ್ದ.

ಆಸ್ಪತ್ರೆಯಲ್ಲಿ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಕಾಗದ ಬಿಚ್ಚಿ ನೋಡಿ, "ಅಯ್ಯೋ, ನನ್ನ ಕತ್ತರಿ" ಎಂದಳು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದಳು. "ಪೂರ್ತಿ ಮೊಂಡಾಗಿದೆ ಕಣೋ. ಆ ಮಾತ್ರೆ ತಗಡು ಕತ್ತರಿಸಿ ಕತ್ತರಿಸಿ ಹಾಳು ಮಾಡಿದೀಯ. ಇನ್ನು ಬಟ್ಟೆ ಕತ್ತರಿಸಲ್ಲ ಇದು."

"ಸಾಣೆ ಹಿಡಿಸ್ತೀನಿ."

"ಅಂಗಡೀಲಿ ಬೇಡ್ವಾ?"

"ಬೇಡ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಅವಳ ಕಾಲಿನ ಹತ್ತಿರದ ಹೊದಿಕೆ ಸರಿಮಾಡಿದ.

"ಅವತ್ತು ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದೆ ಅಕ್ಕ?"

"ನೀನು ಬೇಕು ಅಂತ ಮಾಡಿದ್ದಾ?" ಎಂದಳು ಅವಳು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. "ಮೀನು ಎಷ್ಟಿವೆ?"

"ಒಂದು. ಯಜಮಾನಿ."

ಅಕ್ಕ ಕಣ್ಣು ಮುಚ್ಚಿದಳು. ರೆಪ್ಪೆಯ ಕೆಳಗಿಂದ ನೀರು ಜಾರಿ ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಅವಳ ಕೈ ಏಳಲಿಲ್ಲ, ಅವನೇ ಒರೆಸಿದ.

"ತಿಂತಾಳಾ?"

"ನಿನ್ನೆಯಿಂದ ತಿಂತಿದಾಳೆ. ಬಣ್ಣಾನೂ ತಿರುಗ್ತಿದೆ."

"ಹಾಗಾದ್ರೆ ಔಷಧಿ ನಿಲ್ಲಿಸಿದ್ಯಾ?"

"ಇಲ್ಲಕ್ಕ" ಎಂದ ಅವನು. "ಇನ್ನೂ ಮೂರು ದಿನ ಇದೆ."

ನರ್ಸ್ ಬಂದು ಹೊಸ ಬಾಟಲಿ ತೂಗುಹಾಕಿದಳು. ಅವನು ಎದ್ದು ನಿಂತು, ಮೊದಲ ಹನಿ ನಳಿಕೆಗೆ ಇಳಿಯುವವರೆಗೂ ಅದನ್ನೇ ನೋಡಿದ. ಅಕ್ಕನ ಔಷಧಿ ಮುಗಿಯಲು ಇನ್ನೂ ಆರು ದಿನ ಉಳಿದಿತ್ತು.