ಉತ್ತಮ್ ಹೆಸರಿನ ಕಣಜ

ಪರ್ತ್‌ನಿಂದ ಜೆಫ್ರಿ ಕಳಿಸಿದ ಡಬ್ಬಿಯಲ್ಲಿ ಒಂದು ಜೋಡಿ ಕಣಜದ ಹುಳುಗಳಿದ್ದವು. ಗಂಡಿಗೆ ಉದ್ದನೆಯ ರೆಕ್ಕೆ, ಹಳದಿ ಪಟ್ಟೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ, ನೋಡಲು ಇರುವೆಯ ಹಾಗೆ. ಈ ಕಣಜಗಳಲ್ಲಿ ಕೂಡುವಾಗ ಗಂಡೇ ಹೆಣ್ಣನ್ನು ಎತ್ತಿಕೊಂಡು ಹೂವಿನಿಂದ ಹೂವಿಗೆ ಹಾರುತ್ತದೆ. ಹಾಗೆ ಹಾರುತ್ತಿದ್ದಾಗಲೇ ಸಿಕ್ಕಿದ ಜೋಡಿ ಇದು.

ಅಡಿಲೇಡಿನ ಕೀಟ ಸಂಗ್ರಹಾಲಯದಲ್ಲಿ ಕಣಜಗಳನ್ನು ಗುರುತಿಸಿ ಹೆಸರಿಡುವುದು ಕಸ್ತೂರಿಯ ಕೆಲಸ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು. ಈ ಬಗೆಯ ಹೆಣ್ಣನ್ನು ಮೂರು ವರ್ಷದ ಹಿಂದೆ ಹೊಸ ಪ್ರಭೇದವೆಂದು ವಿವರಿಸಿ, ತೀರಿಕೊಂಡ ಗಂಡ ಉತ್ತಮ್‌ನ ನೆನಪಿಗೆ ‘ಉತ್ತಮಿ’ ಎಂದು ಹೆಸರಿಟ್ಟವಳು ಅವಳೇ. ಆದರೆ ಈ ಗಂಡಿಗೆ ನೂರು ವರ್ಷದ ಹಿಂದೆಯೇ ಯಾರೋ ಬೇರೆ ಹೆಸರಿಟ್ಟಿದ್ದರು. ಜೋಡಿಯಾಗಿ ಸಿಕ್ಕಿದ್ದರಿಂದ ಎರಡೂ ಒಂದೇ ಪ್ರಭೇದ; ಹಾಗಾದಾಗ ಮೊದಲಿಟ್ಟ ಹೆಸರು ಉಳಿಯುತ್ತದೆ, ಇನ್ನೊಂದು ಹೋಗುತ್ತದೆ.

ಜೆಫ್ರಿಯ ಫೋನು ಬಂತು. ಗೆಳತಿಯ ಮಗ, ಪರ್ತ್‌ನಲ್ಲಿ ಕೀಟ ಹಿಡಿಯುವವನು.

“ನೋಡಿದ್ರಾ ಆಂಟಿ? ನಾನು ಯಾರ್ಗೂ ಹೇಳಿಲ್ಲ. ಡಬ್ಬಿ ದಾರೀಲೇ ಕಳ್ದೋಯ್ತು ಅನ್ನಿ ಬೇಕಾದ್ರೆ.”

“ನೋಡಿದ್ಮೇಲೆ ಹೆಂಗೋ ಕಳ್ದೋಗತ್ತೆ?”

ಉತ್ತಮ್ ಹೋದ ಮೇಲೆ ಆ ಹೆಸರು ಹೇಳುವವರು ಯಾರೂ ಉಳಿದಿರಲಿಲ್ಲ. ಜೆಫ್ರಿಗೆ ಅವನು ಅಂಕಲ್, ಮಗಳಿಗೆ ಡ್ಯಾಡ್. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಯಾರೋ ಅಪರಿಚಿತರು, ನಿಮ್ಮ ಉತ್ತಮಿ ಒಂದೆರಡು ಕಳಿಸಿಕೊಡುತ್ತೀರಾ ಎಂದು ಈಮೇಲ್ ಬರೆಯುತ್ತಿದ್ದರು. ಕಸ್ತೂರಿ ಅದನ್ನು ಓದಿ, ಮತ್ತೆ ಓದಿ, ಮರುದಿನವೇ ಉತ್ತರಿಸುತ್ತಿದ್ದಳು.

ಸಂಜೆ ಮನೆಗೆ ಹೊರಟು ಮಾಸನ್ ಲೇಕ್ಸ್‌ನ ರೈಲಿನಲ್ಲಿ ಕೂತು ಬ್ರಿಸ್ಬೇನಿನಲ್ಲಿದ್ದ ಮಗಳು ತನ್ವಿಗೆ ಫೋನು ಮಾಡಿದಳು. ಅವಳೂ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮನೆಗೆ ಹೋಗುವ ರೈಲಿನಲ್ಲಿದ್ದಳು.

“ಅಪ್ಪನ ಹುಳ ಇನ್ಮೇಲೆ ಅಪ್ಪಂದಲ್ಲ ಕಣೇ.”

“ವಾಟ್? ಹೂ ಸೇಸ್?”

“ನಾನೇ. ಪೇಪರ್ ಬರೀಬೇಕು.”

“ಸೋ ಡೋಂಟ್ ರೈಟ್ ಇಟ್, ಅಮ್ಮಾ. ನೋಬಡಿ ನೋಸ್.”

“ತಪ್ಪು ಅಂತ ಗೊತ್ತಿದ್ದೂ ನಿಮ್ಮಪ್ಪನ ಹೆಸರು ಅದಕ್ಕೆ ಅಂಟಿಸಿಡ್ಲಾ?”

ತನ್ವಿ, “ಎನಿವೇ, ಡ್ಯಾಡ್ ವುಡ್ ನೆವರ್ ಹ್ಯಾವ್ ಲೈಕ್ಡ್ ಬೀಯಿಂಗ್ ಎ ಗರ್ಲ್ ವಾಸ್ಪ್,” ಎಂದಳು. ಕಸ್ತೂರಿಗೆ ನಗು ಬಂತು. ನಗುತ್ತಿದ್ದ ಹಾಗೇ ಸಿಗ್ನಲ್ ಹೋಯಿತು.

ಮರುದಿನ ಬರೆಯಲು ಕೂತಳು. ಒಂದೂವರೆ ಪುಟ ಸಾಕಾಯಿತು. ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸಿದ ಮೇಲೆ ಉತ್ತಮಿಯ ಪೆಟ್ಟಿಗೆ ತೆರೆದು, ಅದರಲ್ಲಿದ್ದ ಹನ್ನೊಂದು ಹೆಣ್ಣುಗಳನ್ನು ಒಂದೊಂದಾಗಿ ಸೂಜಿ ಸಮೇತ ಎತ್ತಿ, ಹಳೆಯ ಹೆಸರಿನ ಪೆಟ್ಟಿಗೆಯಲ್ಲಿ ಗಂಡುಗಳ ಪಕ್ಕ ನೆಟ್ಟಳು. ನೂರು ವರ್ಷದಿಂದ ಅಲ್ಲಿ ಬರೀ ಗಂಡುಗಳೇ ಇದ್ದವು.

ಖಾಲಿ ಪೆಟ್ಟಿಗೆ ಮುಚ್ಚುವ ಮುನ್ನ ಅವಳು ಸುತ್ತ ನೋಡಿದಳು. ಇಪ್ಪತ್ತಾರು ವರ್ಷ ಅವನನ್ನು ‘ರೀ’ ಎಂದೇ ಕರೆದಿದ್ದಳು. ಸಾಲು ಬೀರುಗಳ ನಡುವೆ ಯಾರೂ ಇರಲಿಲ್ಲ.

“ಉತ್ತಮ್,” ಎಂದಳು. ದನಿ ಅವಳಿಗೇ ಅಪರಿಚಿತವೆನಿಸಿತು. ಇನ್ನೊಮ್ಮೆ ಹೇಳಿದಳು.