ಏನೂ ಹಚ್ಚಬೇಡಿ

ಮೊಮ್ಮಗಳ ಮುಖ ಕೆಟ್ಟಿದೆ ಎಂಬ ಕಾಗದವನ್ನು ಓದಿಸಿಕೊಂಡ ಮರುದಿನವೇ ಕಾಶವ್ವ ಮುದ್ದೇಬಿಹಾಳ ಬಿಟ್ಟಳು. ಗಂಟಿನಲ್ಲಿ ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಒಂದು ಶೀಸೆ ಬೇವಿನೆಣ್ಣೆ. ಏಳು ಮೊಮ್ಮಕ್ಕಳಿಗೆ ಎಣ್ಣೆ ತಿಕ್ಕಿ ಎರೆದ ಕೈ ಅದು. ಮುಂಬಯಿ ಕಾಂದಿವಲಿಯ ಮನೆಯ ಬಾಗಿಲಲ್ಲೇ ಮಗಳು ಶರಣವ್ವ ಗಂಟನ್ನು ಇಸಿದುಕೊಂಡಳು.

"ಯವ್ವಾ, ಏನೂ ಹಚ್ಚಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ."

"ಏನೂ ಅಂದ್ರ?"

"ಏನೂ ಅಂದ್ರ ಏನೂ."

"ಅರಿಶಿಣ?"

"ಯವ್ವಾ!"

ಮೊಮ್ಮಗಳು ವಿನೋದಿನಿಗೆ ಹತ್ತೊಂಬತ್ತು. ಟೈಪಿಂಗ್ ಕ್ಲಾಸಿಗೆ ಹೋಗುವಾಗ ಲೋಕಲ್ಲಿನ ಲೇಡೀಸ್ ಡಬ್ಬಾದಲ್ಲಿ ಕ್ಲಿಪ್ಪು, ಟಿಕಳಿ ಮಾರುವ ಹೆಂಗಸಿನ ಹತ್ತಿರ ಅವಳೊಂದು ಕ್ರೀಮು ಕೊಂಡಿದ್ದಳು. ಹೆಸರಿಲ್ಲದ ಬಿಳಿ ಡಬ್ಬಿ. ಮೊದಲ ಹದಿನೈದು ದಿನ ಮುಖ ಬೆಳ್ಳಗಾಗಿ ಬಿಲ್ಡಿಂಗಿನ ಹೆಂಗಸರೆಲ್ಲ ಗುಟ್ಟು ಕೇಳಿದ್ದರು. ಮೂರನೆಯ ತಿಂಗಳಲ್ಲಿ ಉರಿ ಹತ್ತಿ ಸಿಪ್ಪೆ ಎದ್ದಿತು. ಎರಡೂ ಕೆನ್ನೆಯ ಮೇಲೆ ಬೂದಿಗಪ್ಪು, ನಡುನಡುವೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ. ಮಲಗುವಾಗ ಒಂದು ಮುಲಾಮು, ಹೊರಗೆ ಹೋದರೆ ಬಿಸಿಲು ತಾಗಬಾರದು, ಉಳಿದದ್ದನ್ನು ಚರ್ಮ ತಾನೇ ಮಾಡಿಕೊಳ್ಳಬೇಕು, ಏಳೆಂಟು ತಿಂಗಳಾದರೂ ಬೇಕು ಎಂದಿದ್ದರು ಡಾಕ್ಟರು.

ಅಷ್ಟರಲ್ಲಿ ಪರೇಲಿನ ಕಂಪನಿಯೊಂದರಿಂದ ಟೈಪಿಸ್ಟ್ ಕೆಲಸದ ಆರ್ಡರು ಬಂದಿತ್ತು. ಜ್ವರವೆಂದು ಸುಳ್ಳು ಹೇಳಿ ಒಮ್ಮೆ ಮುಂದೆ ಹಾಕಿಸಿದ್ದಾಯಿತು. ಬರುವ ಸೋಮವಾರ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಹುಡುಗಿಯೋ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು.

ಕಾಶವ್ವನಿಗೆ ಕೈ ಕಟ್ಟಿ ಕೂತು ಗೊತ್ತಿಲ್ಲ. ಮುಖ ಬೇಡವಾದರೆ ಬೇಡ, ಅಂಗಾಲು ಯಾವ ಡಾಕ್ಟರನ ಆಸ್ತಿಯೂ ಅಲ್ಲವೆಂದು ದಿನಾ ಅಂಗಾಲು ತಿಕ್ಕಿದಳು. ಒಂದು ಮಧ್ಯಾಹ್ನ ಹುಡುಗಿ ಮಲಗಿದ್ದಾಗ ಮಾತ್ರ ತಡೆಯಲಾಗಲಿಲ್ಲ. ಬೆರಳ ತುದಿಗೆ ಒಂದಿಷ್ಟೇ ಅರಿಶಿನ ಕಲಸಿಕೊಂಡು ಮೆಲ್ಲಗೆ ಬಗ್ಗಿದಳು.

"ಆಯಿ, ನಾ ಜಾಗೀ ಇದೀನಿ," ಎಂದಳು ವಿನೋದಿನಿ, ಕಣ್ಣು ತೆರೆಯದೆ.

ಅರಿಶಿನ ಅಜ್ಜಿಯ ಕೆನ್ನೆಗೇ ಹೋಯಿತು.

ಭಾನುವಾರ ಸಂಜೆ ಹುಡುಗಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ನಾ ಹೋಗಲ್ಲ. ಸಬ್ ಲೋಗ್ ನೋಡ್ತಾರೆ."

"ನನ್ನ ಹಣಿ ನೋಡು, ಗದ್ದ ನೋಡು," ಎಂದು ಕಾಶವ್ವ ತನ್ನ ಹಸಿರು ಹಚ್ಚೆಗಳನ್ನು ಮುಟ್ಟಿ ತೋರಿಸಿದಳು. "ಕೊರವಂಜಿಗೆ ಸೇರು ಜೋಳ ಕೊಟ್ಟು ಚುಚ್ಚಿಸಿಕೊಂಡ ಕಲಿ ಇವು. ನಾ ಎಂದರ ಮುಚ್ಕೊಂಡೀನಿ?"

"ಅದು ಫ್ಯಾಶನ್, ಆಯಿ."

"ನಿಂದೂ ಫ್ಯಾಶನ್ನ ಇತ್ತಲ್ಲವಾ."

ಎಷ್ಟೋ ದಿನದ ಮೇಲೆ ವಿನೋದಿನಿ ನಕ್ಕಳು. ಕೂಡಲೇ ಕೆನ್ನೆ ಮುಟ್ಟಿಕೊಂಡಳು.

"ನಾಳಿಗೆ ನಾನೂ ಬರ್ತೀನಿ," ಎಂದಳು ಕಾಶವ್ವ. "ನನ್ನಂಥಾ ಮುದುಕಿ ಬಾಜೂಕ ಕೂತಿರಲಿಕ್ಕ ನಿನ್ನ ಯಾರ ನೋಡ್ತಾರ, ಹುಚ್ಚಿ?"

ಹಾಗೇ ಆಯಿತು. ಇಳಕಲ್ ಸೀರೆ, ಹಣೆಯ ತುಂಬ ಹಚ್ಚೆ, ಮೊಣಕೈತನಕ ಹಸಿರು ಬಳೆ. ಲೇಡೀಸ್ ಡಬ್ಬಾದ ಕಣ್ಣೆಲ್ಲ ಕಾಶವ್ವನ ಮೇಲೆ. ಅವಳೂ ಒಬ್ಬೊಬ್ಬರನ್ನೇ ತಿರುಗಿ ನೋಡಿ ನಕ್ಕಳು. ವಿನೋದಿನಿ ಓಢಣಿಯನ್ನು ಕಣ್ಣಿನ ತನಕ ಸುತ್ತಿಕೊಂಡು ಪಕ್ಕದಲ್ಲಿ ಮುದುರಿ ಕೂತಿದ್ದಳು.

ಅಂಧೇರಿಯಲ್ಲಿ ಕ್ಲಿಪ್ಪಿನ ಸರ ತೋಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಹತ್ತಿದಳು. ವಿನೋದಿನಿ ಅಜ್ಜಿಯ ಕೈ ಹಿಡಿದಳು. "ಆಯಿ... ಅವಳೇ."

ಎದುರು ಕೂತ ಹುಡುಗಿಯೊಬ್ಬಳು ಆಗಲೇ ಬಿಳಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ಚೌಕಾಸಿಗೆ ಇಳಿದಿದ್ದಳು. ಕಾಶವ್ವ ಕೈಚಾಚಿ ಡಬ್ಬಿ ಕಸಿದಳು.

"ಏನವಾ, ಇದ್ರಿಂದ ನನ್ನ ಹಚ್ಚಿ ಹೋಗ್ತಾವೇನು? ಹೋಗ್ತಾವಂದ್ರ ಮೊದಲ ನಿನ್ನ ಮಾರಿಗೆ ಹಚ್ಕೋ, ನೋಡೂಣು!"

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹೆಂಗಸರು ನಕ್ಕರು. "ಬುಢಿಯಾ ಪಾಗಲ್ ಹೈ ಕ್ಯಾ?" ಎಂದು ಮಾರುವವಳು ಡಬ್ಬಿಗೆ ಕೈ ಹಾಕಿದಳು. ಆಗ ಕಾಶವ್ವನಿಗೆ ಅವಳ ಬೆರಳು ಕಂಡವು. ತುದಿಗಳೆಲ್ಲ ಸಿಪ್ಪೆ ಎದ್ದು ಬೆಳ್ಳಗಾಗಿದ್ದವು. ಸಿಟ್ಟು ಅರ್ಧ ಇಳಿದು ಹೋಗಿ ಡಬ್ಬಿ ಬಿಟ್ಟುಕೊಟ್ಟಳು.

"ಅಯ್ಯ, ನಿನಗೂ ಹತ್ತೈತಲ್ಲ," ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಇವ್ರಿಗೆ ತಿಳಿಯೂ ಹಂಗ ಹೇಳವಾ," ಎಂದಳು.

ವಿನೋದಿನಿ ಅಲ್ಲಾಡಲಿಲ್ಲ. ಎದುರಿನ ಹುಡುಗಿ ಪರ್ಸು ತೆಗೆದಳು. ವಿನೋದಿನಿ ಏನೋ ಅಂದಳು. ಓಢಣಿಯೊಳಗಿನ ಮಾತು ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಅಂದಳು. ಆಗಲೂ ಇಲ್ಲ. ಆಗ ಅವಳು ಓಢಣಿಯನ್ನು ಗದ್ದದ ಕೆಳಗೆ ಎಳೆದುಕೊಂಡು ಎದ್ದು ನಿಂತಳು.

ಹಿಂದಿಯಲ್ಲಿ ಅವಳು ಹೇಳಿದ್ದು ಅಜ್ಜಿಗೆ ತಿಳಿಯಲಿಲ್ಲ. 'ತೀನ್ ಮಹೀನೇ' ಎಂದು ಮೂರು ಬೆರಳು ತೋರಿಸಿದ್ದಷ್ಟೇ ತಿಳಿಯಿತು. ನಗು ನಿಂತಿತ್ತು. ಎದುರಿನ ಹುಡುಗಿ ಪರ್ಸು ಮುಚ್ಚಿದಳು. ಮಾರುವವಳು ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದಳು.

ಕಿಟಕಿಯ ಬದಿಯ ಮರಾಠಿ ಬಾಯಿಯೊಬ್ಬರು ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ವಿನೋದಿನಿ ಅಲ್ಲಿ ಕೂತಳು. ಕೈ ಒಮ್ಮೆ ಓಢಣಿಗೆ ಹೋಯಿತು. ಹಾಗೇ ಅದನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

ಬಾಂದ್ರಾ ದಾಟುವಾಗ ಎಳೆಬಿಸಿಲು ಓರೆಯಾಗಿ ಅವಳ ಕೆನ್ನೆಗೆ ಬಿತ್ತು. ಕಾಶವ್ವ ಅಂಗೈ ಅಗಲಿಸಿ ಅಡ್ಡ ಹಿಡಿದಳು. ಕೆನ್ನೆಗೂ ಕೈಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ತಾಗದ ಹಾಗೆ.

"ಆಯಿ, ಕೈ ನೋಯ್ತದೆ."

"ಸುಮ್ನ ಕೂಡು. ಬಂದಾಗಿಂದ ಕೆಲಸಿಲ್ದ ಬಿದ್ದಿತ್ತು ಇದು."