ಮೊದಲು ಎಸೆದವನು

ಮೂರನೇ ಸಲವೂ ಗಾಳ ಖಾಲಿಯೇ ಬಂತು. ಕಮೆನ್ ದಾರವನ್ನು ಕೈಯಲ್ಲಿ ಹಿಡಿದು ನೋಡಿದ. ಹುಂಜದ ಗರಿ ಕಟ್ಟಿದ ಆರು ಕೊಕ್ಕೆಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ. ಕೆಳಗೆ ಸಮುದ್ರದ ಮೈಮೇಲೆ ಮಾತ್ರ ಉದ್ದುದ್ದ ಬೆಳ್ಳಿ ಗೆರೆಗಳು ಎದ್ದು ಮುಳುಗುತ್ತಿದ್ದವು.

"ಗರಿಗೆಲ್ಲ ಬರಲ್ಲ ಕಣೋ ಅವು," ಎಂದು ಪಕ್ಕದಿಂದ ಸ್ತಾಂಕ ಅತ್ತೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದಳು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ತುಂಬಿದ್ದು ಸಾಲದೆಂಬಂತೆ ಅವಳು ದಿನಾ ಬೆಳಿಗ್ಗೆ ಬುರ್ಗಾಸ್ ಊರಿನಿಂದ ಸಮುದ್ರದೊಳಕ್ಕೆ ಚಾಚಿದ ಈ ಸೇತುವೆ ಮೇಲೆ ಬಂದು ನಿಲ್ಲುತ್ತಿದ್ದಳು. ಇಲ್ಲಿ ಗಾಳ ಹಿಡಿದವರಿಗೆಲ್ಲ ಅವಳು ಅತ್ತೆ. "ಇವತ್ತು ಬಂದಿರೋದು ಸೂಜಿಮೀನು. ನೀನು ಮೊದ್ಲು ಹೊಳೆಯೋ ತಗಡಿನ ಮೀನು ಹಾಕಿದೆ, ಹಿಂದೆ ಬಂದು ಮೂಸಿ ಹೋಯ್ತು. ಗರಿ ಹಾಕಿದೆ, ಮೂಸೋಕೂ ಬರ್ಲಿಲ್ಲ. ಇನ್ನೇನು, ಮೀಸೆ ಕಿತ್ತು ಕಟ್ತೀಯಾ?"

"ನಿನ್ನ ನಾಲಿಗೆ ಕಟ್ತೀನಿ ಅತ್ತೆ. ಒಂದು ಗಳಿಗೆ ಸುಮ್ಮನಿರಲ್ಲ ಅದು. ಜೀವ ಇರೋ ಹುಳ ಅಂತ ಬಾಯಿ ಹಾಕ್ತವೆ."

ಅತ್ತೆ ನಕ್ಕಳು. ಆಮೇಲೆ ಗದ್ದ ಬಲಕ್ಕೆ ತಿರುಗಿಸಿ, ದನಿ ತಗ್ಗಿಸಿ ಅಂದಳು: "ಅಲ್ಲಿ ಒಂಬತ್ತು ಮೀನಾಯ್ತು."

ಕಮೆನ್ ತಿರುಗಿ ನೋಡಲಿಲ್ಲ. ಬಲಕ್ಕೆ ಹನ್ನೆರಡು ಹೆಜ್ಜೆ ಆಚೆ, ದೀಪದ ಕಂಬದ ಕೆಳಗೆ ಅವನ ಅಣ್ಣ ದೋಬ್ರಿ ನಿಂತಿದ್ದಾನೆ ಅಂತ ಅವನಿಗೆ ಬೆನ್ನಿಗೇ ಗೊತ್ತಾಗುತ್ತಿತ್ತು. ನಾಲ್ಕು ವರ್ಷದಿಂದ ಇಬ್ಬರೂ ಇದೇ ಸೇತುವೆಗೆ ಬರುತ್ತಿದ್ದರು, ಇದೇ ಕಡೆ ನಿಲ್ಲುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ನಾಲ್ಕು ವರ್ಷದ ಹಿಂದಿನ ಶರತ್ಕಾಲದಲ್ಲಿ ಪಲಮೂದ್ ಬಂದಿತ್ತು. ಆ ದಪ್ಪ ಮೀನು ಕೊಲ್ಲಿಗೆ ನುಗ್ಗಿದರೆ ಊರಿಗೆ ಊರೇ ಹುಚ್ಚೇಳುತ್ತದೆ. ಕೆಲಸಕ್ಕೆ ಹೋಗುವವರು ಹೋಗುವುದಿಲ್ಲ, ಮದುವೆಗೆ ಹೊರಟವರು ಸೂಟು ಹಾಕಿಕೊಂಡೇ ಸೇತುವೆಗೆ ಬರುತ್ತಾರೆ. ಆವತ್ತು ಬಂದರಿನ ಹಮಾಲಿ ಬಿಟ್ಟು ಬಂದಿದ್ದ ಕಮೆನ್, ಫೋನಿಗೆ ನೀರು ತಾಗೀತೆಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ್ದ. ಅಮ್ಮ ಮಲಗಿದ್ದ ಆಸ್ಪತ್ರೆಯಿಂದ ದೋಬ್ರಿ ಕರೆ ಮಾಡಿದ್ದು ಹದಿನಾಲ್ಕು ಸಲ. ಅಮ್ಮ ಕಿರಿಮಗನನ್ನೇ ಕೇಳುತ್ತಿದ್ದಳಂತೆ. ಕಮೆನ್ ಹನ್ನೊಂದು ಮೀನಿದ್ದ ಚೀಲ ಹೊತ್ತುಕೊಂಡೇ ವಾರ್ಡಿಗೆ ಓಡಿದಾಗ ಅವಳ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ದೋಬ್ರಿ ಚೀಲ ನೋಡಿದ, ತಮ್ಮನ ಮುಖ ನೋಡಿದ.

"ಮೀನು ಸಿಕ್ತಾ?" ಅಂದ.

ಅದೇ ಕೊನೆಯ ಮಾತು. ಅಮ್ಮ ಸತ್ತ ನಲವತ್ತನೇ ದಿನ ಗೋರಿಯ ಹತ್ತಿರ ಅವಳ ಹೆಸರಲ್ಲಿ ಹಂಚಿದ ಬೇಯಿಸಿದ ಗೋಧಿಯನ್ನೂ ಅವನು ತಮ್ಮನಿಗೆ ಬೇರೆಯವರ ಕೈಯಲ್ಲಿ ಕೊಡಿಸಿದ. ಕಮೆನ್ ಅಣ್ಣನ ಮನೆ ಬಾಗಿಲು ಬಡಿದ. ಅತ್ತಿಗೆ ಬಂದು, "ಮಲಗಿದ್ದಾರೆ," ಅಂದಳು. ಸಂಜೆ ಐದಕ್ಕೆ! ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದ. ಬಾಯಿಗೆ ಬಂದದ್ದು ಬೈದಿದ್ದರೆ ನಿಂತು ಕೇಳುತ್ತಿದ್ದ. ಈ ಸುಮ್ಮನಿರುವುದನ್ನು ಏನು ಮಾಡುವುದು? ಕಾಲರ್ ಹಿಡಿದು ಜಗ್ಗೋಣವೆಂದರೆ ಅಣ್ಣ. ಬಿಟ್ಟುಬಿಡೋಣವೆಂದರೂ ಅಣ್ಣ.

ಕಮೆನ್ ಡಬ್ಬಿಯ ತಳದಿಂದ ಹಳದಿ ರೇಷ್ಮೆಯ ಕುಚ್ಚು ತೆಗೆದ. ಸೂಜಿಮೀನಿನ ಮೂತಿ ಮೂಳೆಯಷ್ಟು ಗಟ್ಟಿ, ಕೊಕ್ಕೆ ಚುಚ್ಚುವುದಿಲ್ಲ. ಅದಕ್ಕೆ ಕೊಕ್ಕೆಯೇ ಬೇಡ, ರೇಷ್ಮೆ ಸಾಕು. ಕಚ್ಚಿದರೆ ಎಳೆಗಳು ಅದರ ಸಣ್ಣ ಸಣ್ಣ ಹಲ್ಲಿಗೆ ಸುತ್ತಿಕೊಳ್ಳುತ್ತವೆ. ಎಳೆಯಬಾರದು, ಅಗಿಯಲು ಬಿಡಬೇಕು. ಕಮೆನ್ ಒಂಬತ್ತು ವರ್ಷದವನಿದ್ದಾಗ ಅವನಿಗೆ ಇದನ್ನು ಕಲಿಸಿದ್ದು ದೋಬ್ರಿ. ಹಿಂದೆ ನಿಂತು, ಎರಡೂ ಮಣಿಕಟ್ಟು ಹಿಡಿದುಕೊಂಡು, "ಎಳೀಬೇಡ್ವೋ. ಇನ್ನೂ ಅಗೀಲಿ. ನಿಂಗೇನು ಬಸ್ಸು ಹೋಗಿಬಿಡುತ್ತಾ?" ಅಂತ ಕಿವಿಯ ಹತ್ತಿರ ನಗುತ್ತಿದ್ದ. ನಾಲ್ಕು ವರ್ಷದಿಂದ ಕಮೆನ್ ರೇಷ್ಮೆ ಮುಟ್ಟಿರಲಿಲ್ಲ.

ಕುಚ್ಚು ಕಟ್ಟಿ, ಅದರ ಮೇಲೆ ಒಂದು ಮಾರು ಬಿಟ್ಟು ಬೆಂಡು ಹಾಕಿ ಎಸೆದ. ತಕ್ಷಣ ಬೆಂಡು ನಡುಗಿತು. ಅವನು ಎಳೆದ. ಹೋಯಿತು. ಮತ್ತೆ ಎಸೆದ, ಮತ್ತೆ ಎಳೆದ, ಮತ್ತೆ ಹೋಯಿತು.

"ಅಯ್ಯೋ ನಿನ್ನ ಕೈಗೇನು ಮೆಣಸಿನಪುಡಿ ಹಚ್ಚಿದ್ದಾರೇನೋ?" ಎಂದು ಅತ್ತೆ ಹಣೆ ಬಡಿದುಕೊಂಡಳು.

ಆಗ ದೋಬ್ರಿ ಹೊಸದಾಗಿ ಗಾಳ ಎಸೆದ. ಅವನ ಕೆಂಪು ಬೆಂಡು ದೂರ ಹೋಗಿ ಬಿತ್ತು, ಬಿದ್ದಲ್ಲೇ ಅಲುಗತೊಡಗಿತು. ಕಮೆನ್ ಆ ಬೆಂಡನ್ನು ನೋಡಿದ, ನೋಡುತ್ತಲೇ ಇದ್ದ.

ಈ ಸೇತುವೆಗೆ ಒಂದು ಕಟ್ಟಳೆ ಇದೆ. ಎಲ್ಲೂ ಬರೆದಿಟ್ಟದ್ದಲ್ಲ. ಎರಡು ದಾರ ಸಿಕ್ಕಾದರೆ ಆಮೇಲೆ ಎಸೆದವನು ತನ್ನ ದಾರ ಕತ್ತರಿಸಿಕೊಳ್ಳಬೇಕು. ಮೊದಲು ಎಸೆದವನು ಅವನಿಗೆ ಬೈಯಬೇಕು. ಅವನು ಡಾಕ್ಟರಾಗಿರಲಿ, ಪಾದ್ರಿಯಾಗಿರಲಿ, ಬೈಯದೆ ಬಿಡುವ ಹಾಗಿಲ್ಲ. ಬಿಟ್ಟರೆ ಮನಸ್ಸಿನಲ್ಲಿ ಇಟ್ಟುಕೊಂಡ ಎಂದು ಅರ್ಥ. ಬೈದಾದ ಮೇಲೆ ಒಂದು ಸಿಗರೇಟು, ಅಲ್ಲಿಗೆ ಮುಗಿಯಿತು.

ಕಮೆನ್ ಕಾಲು ಅಗಲಿಸಿ ನಿಂತ. ಗಾಳಿ ಎಡದಿಂದ ಬೀಸುತ್ತಿತ್ತು. ಇಡೀ ಮೈ ತಿರುಗಿಸಿ ಬಲಕ್ಕೆ ಓರೆಯಾಗಿ ಎಸೆದ.

"ಏಯ್! ಎಲ್ಲಿಗೆ ಎಸೀತಿದ್ದೀಯೋ ಕುರುಡ!" ಅತ್ತೆ ಕೂಗುವಷ್ಟರಲ್ಲಿ ಅವನ ದಾರ ಕೆಂಪು ಬೆಂಡಿನ ಆಚೆ ಬಿದ್ದಿತ್ತು. ಕಮೆನ್ ರೀಲು ತಿರುಗಿಸಿದ. ಎರಡು ದಾರಗಳು ಒಂದಕ್ಕೊಂದು ಹೆಣೆದುಕೊಂಡವು.

ದೋಬ್ರಿ ತಿರುಗಿದ. ಕಣ್ಣ ಕೆಳಗೆ ಚೀಲ ಬಂದಿದೆ, ಗಡ್ಡ ಬೆಳ್ಳಗಾಗಿದೆ, ಮೂವತ್ತೊಂಬತ್ತಕ್ಕೇ. ಹನ್ನೆರಡು ಹೆಜ್ಜೆ ದೂರದಿಂದ ಇದನ್ನೆಲ್ಲ ನೋಡಲು ಕಮೆನ್‌ಗೆ ಧೈರ್ಯವೇ ಬಂದಿರಲಿಲ್ಲ.

ಬೈಯಿ, ಅಂದುಕೊಂಡ. ಅಮ್ಮನ ಹೆಸರೆತ್ತಿಯೇ ಬೈಯಿ.

ಸುತ್ತ ಇದ್ದವರೆಲ್ಲ ರೀಲು ನಿಲ್ಲಿಸಿದ್ದರು. ದೋಬ್ರಿ ಸೊಂಟದ ಚಾಕು ತೆಗೆದ. ತನ್ನ ದಾರವನ್ನು ಎಡಗೈ ಬೆರಳಿಗೆ ಸುತ್ತಿಕೊಂಡು, ಬೆಂಡು ಇನ್ನೂ ಅಲುಗುತ್ತಿರುವಾಗಲೇ, ಕತ್ತರಿಸಿದ.

"ದೋಬ್ರಿ! ನಿಂಗೆ ತಲೆ ಕೆಟ್ಟಿದೆಯಾ?" ಅತ್ತೆ ಬಾಯಿ ಬಡಿದುಕೊಂಡಳು. "ಮೊದಲು ಎಸೆದೋನು ನೀನು! ಕತ್ತರಿಸಬೇಕಾದ್ದು ಅವನು! ಬಾಯಿ ಬಿಟ್ಟು ಬೈಯೋ, ದೇವರಾಣೆಗೂ ಅವನು ಬೇಕು ಅಂತಲೇ ಎಸೆದ, ನಾನೇ ನೋಡಿದ್ದೀನಿ!"

ದೋಬ್ರಿ ಚಾಕು ಮಡಚಿ ಜೇಬಿಗೆ ಹಾಕಿಕೊಂಡ.

ಕಮೆನ್‌ನ ಕೈಯಲ್ಲಿ ಈಗ ಎರಡು ದಾರದ ಭಾರ. ಎಳೆದು ಎಸೆದುಬಿಡಬೇಕು, ಗಾಳದ ಕೋಲನ್ನೇ ಸೇತುವೆಯ ಕಂಬಿಗೆ ಬಡಿದು ಮುರಿದುಬಿಡಬೇಕು ಅನ್ನಿಸಿತು. ಮುರಿಯಲಿಲ್ಲ. ಅಣ್ಣನ ದಾರ ಜಾರಿಹೋದೀತೆಂದು ಬೆರಳಲ್ಲೇ ಅಂಗುಲ ಅಂಗುಲವಾಗಿ ಸುತ್ತಿಕೊಂಡ. ಮೀನು ಮೇಲೆ ಬಂತು, ಮೊಳಕೈಯಷ್ಟು ಉದ್ದ, ಅಣ್ಣನ ಬಿಳಿ ರೇಷ್ಮೆ ಹಲ್ಲಿಗೆಲ್ಲ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಹೋಗಲಿಲ್ಲ. ತನ್ನ ದಾರ ಕತ್ತರಿಸಿ, ಮೀನನ್ನು ರೇಷ್ಮೆಯ ಸಮೇತ ಎರಡೂ ಕೈಯಲ್ಲಿ ಹಿಡಿದು ನಡೆದ.

ಹನ್ನೆರಡು ಎಂದು ಎಣಿಸಿಟ್ಟದ್ದು ಹತ್ತೇ ಹೆಜ್ಜೆ ಇತ್ತು.

ದೋಬ್ರಿಯ ಬಕೆಟ್ಟಿಗೆ ಮೀನು ಹಾಕಿದ. "ನಿಂದು," ಅಂದ. ದೋಬ್ರಿ ಸಮುದ್ರದ ಕಡೆಗೇ ನೋಡುತ್ತಿದ್ದ. ಬಂದ ದಾರಿಯಲ್ಲೇ ವಾಪಸು ಹೋಗಬೇಕೆಂದು ಕಮೆನ್ ಒಂದು ಕಾಲು ತಿರುಗಿಸಿದ, ತಿರುಗಿಸಿದ ಕಾಲನ್ನು ಅಲ್ಲೇ ಊರಿದ.

ಎಡಕ್ಕೂ ಬಲಕ್ಕೂ ಜನ ಮತ್ತೆ ಎಸೆಯತೊಡಗಿದರು. ಮೀನಿನ ಹಿಂಡು ಸೇತುವೆಯ ಬುಡಕ್ಕೇ ಬಂದಿತ್ತು, ಎಸೆದವರೆಲ್ಲ ಎತ್ತುತ್ತಿದ್ದರು. ದೋಬ್ರಿಯ ಡಬ್ಬಿ ಕಾಲ ಬಳಿ ತೆರೆದೇ ಇತ್ತು, ಅದರಲ್ಲಿ ಐದಾರು ಕುಚ್ಚು ಒಣಗಿಕೊಂಡು ಸಾಲಾಗಿ ಬಿದ್ದಿದ್ದವು. ಅವನು ಒಂದನ್ನೂ ತೆಗೆದುಕೊಳ್ಳಲಿಲ್ಲ. ಡಬ್ಬಿ ಮುಚ್ಚಿ ಮನೆಗೂ ಹೊರಡಲಿಲ್ಲ. ಎರಡೂ ಮೊಳಕೈ ಕಂಬಿಯ ಮೇಲೂರಿ ನಿಂತಿದ್ದ. ಕಮೆನ್ ಕೂಡ ಕಂಬಿ ಹಿಡಿದುಕೊಂಡ. ಇಬ್ಬರ ನಡುವೆ ಬಕೆಟ್ಟಿನಲ್ಲಿ ಆ ಮೀನು ತಗಡಿಗೆ ಬಾಲ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಸುಮ್ಮನಾಯಿತು.